ಮೆತ್ತಿಯ ಕೋಣೆಯಲ್ಲಿ ಹೆಡ್‌ಫೋನ್, ಜಗಲಿಯಲ್ಲಿ ಲ್ಯಾಪ್‌ಟಾಪ್: ಅಪ್ಪನ ಅರ್ಥಗಾರಿಕೆ ನಡುವೆ ಕಡಿಯುತ್ತಿದೆ

ಹೆಂಚಿನಮನೆ, ಶಿರಸಿ

ನಮ್ಮದು ಶಿರಸಿ ಹತ್ತಿರದ ಹಳ್ಳಿ, ತೋಟದ ಪಕ್ಕದ ಹಳೇ ಮನೆ. ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರು ಹೋದ ಮೇಲೆ ಪೆಟ್ಟಿಗೆಯಲ್ಲಿ 62 ಕ್ಯಾಸೆಟ್ ಸಿಕ್ಕವು. ಇನ್ನೊಂದು ಮಳೆಗಾಲ ಬಿಟ್ಟರೆ ಬೂಷ್ಟು ಹಿಡಿಯುತ್ತದೆ ಅಂತ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿ ಫ್ಲ್ಯಾಕ್ (ಗುಣಮಟ್ಟ ಕೆಡದಂತೆ ಕುಗ್ಗಿಸಿದ ಧ್ವನಿ ಫೈಲು) ಮಾಡಿಟ್ಟೆ.

ಲ್ಯಾಪ್‌ಟಾಪ್, ರೌಟರ್ ಎರಡೂ ಜಗಲಿಯಲ್ಲಿವೆ. ನಾನು ಕೇಳುವುದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಮೆತ್ತಿಯ, ಅಂದರೆ ಮಹಡಿಯ, ಕೋಣೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆ. ಫೋನು ವೈಫೈಯಲ್ಲಿ ಎಳೆದುಕೊಂಡು ಬ್ಲೂಟೂತ್ ಹೆಡ್‌ಫೋನಿಗೆ ಕಳಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಡಿಯುತ್ತದೆ. ಜಾಸ್ತಿ ವೇಗದ ಇಂಟರ್ನೆಟ್ ಹಾಕಿಸಿದೆ, ಏನೂ ಬದಲಾಗಲಿಲ್ಲ. ಏನು ಮಾಡಲಿ?

ಕಾಳಿ ದಂಡೆ, ಕಾರವಾರ

ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ ಮಾರಾಯ್ರೆ. ಧ್ವನಿ ಓಡಾಡುವುದು ಮನೆಯೊಳಗೇ. ಹೊರಗಿನ ಲೈನ್ ಸತ್ತ ದಿನವೂ ಕೇಳಬಹುದು.

ವೇಗವೂ ಜಾಸ್ತಿ ಬೇಡ. ಸಿಡಿ ಗುಣಮಟ್ಟಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಸಾಕು, ಫ್ಲ್ಯಾಕ್ ಆದರೆ ಇನ್ನೂ ಕಡಿಮೆ. ತೊಂದರೆ ಗೋಡೆಯದು. ವೈಫೈಯ 5 ಗಿಗಾಹರ್ಟ್ಸ್ ಅಲೆ ಅಂಥ ಗೋಡೆ ದಾಟಲು ಒದ್ದಾಡುತ್ತದೆ. 2.4 ದಾಟುತ್ತದೆ, ಆದರೆ ಬ್ಲೂಟೂತ್ ಕೂಡ ಅದೇ 2.4ರಲ್ಲೇ ಇರುವುದರಿಂದ ಒಂದಕ್ಕೊಂದು ಅಡ್ಡ ಬರುತ್ತವೆ. ಜಗಲಿಯಿಂದ ಮೆತ್ತಿಗೆ ಒಂದು ಕ್ಯಾಟ್ 6 ನೆಟ್‌ವರ್ಕ್ ವೈರ್ ಎಳೆದುಬಿಡಿ. 100 ಮೀಟರ್‌ವರೆಗೆ ಚಿಂತೆಯಿಲ್ಲ.

ಲ್ಯಾಪ್‌ಟಾಪಿಗೆ ಲಿರಿಯನ್ ಮ್ಯೂಸಿಕ್ ಸರ್ವರ್ ಹಾಕಿ, ಫೈಲುಗಳನ್ನು ಮನೆಯೊಳಗೆ ಹಂಚುವ ತಂತ್ರಾಂಶ ಅದು. ಮೊದಲು ಲಾಜಿಟೆಕ್ ಮೀಡಿಯಾ ಸರ್ವರ್ ಅಂತಿದ್ದದ್ದು ಇದೇ, ದುಡ್ಡು ಕೊಡಬೇಕಿಲ್ಲ. ಮೇಲೆ ಒಂದು ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಅದರಲ್ಲಿ ಧ್ವನಿ ನುಡಿಸುವ ಪೈಕೋರ್‌ಪ್ಲೇಯರ್ ತಂತ್ರಾಂಶ. ಅದು ಪೂರ್ತಿ ರ‍್ಯಾಮಿನಲ್ಲೇ ಓಡುತ್ತದೆ. ಹಾಗಾಗಿ ಕರೆಂಟು ಪಟ್ಟನೆ ಹೋದರೂ ಎಸ್‌ಡಿ ಕಾರ್ಡ್ ಕೆಡುವುದು ಕಡಿಮೆ. ನಮ್ಮ ಕಡೆಗೆ ಇದು ಮುಖ್ಯ ಅಲ್ವಾ? ಪೈಗೆ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಫೈಲನ್ನು ಕೇಳುವ ಧ್ವನಿ ಸಂಕೇತವಾಗಿಸುವ ಸಾಧನ), ಡ್ಯಾಕಿಗೆ ವೈರಿನ ಹೆಡ್‌ಫೋನ್.

ಅಘನಾಶಿನಿ, ಕುಮಟಾ

ವೈರ್ ಒಂದೇ ಮನೆಯೊಳಗೆ ಇರಲಿ. ಕೊಟ್ಟಿಗೆಗೋ ಔಟ್‌ಹೌಸಿಗೋ ತಾಮ್ರದ ವೈರ್ ಎಳೆಯಬೇಡಿ. ನಾವು ಹಾಗೆ ಮಾಡಿ, ಮೇ ತಿಂಗಳ ಒಂದು ಸಿಡಿಲಿಗೆ ರೌಟರ್, ನೆಟ್‌ವರ್ಕ್ ಸ್ವಿಚ್ ಎರಡನ್ನೂ ಕಳೆದುಕೊಂಡೆವು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ಹೆಡ್‌ಫೋನ್ ಬಗ್ಗೆ ಒಂದು ಮಾತು. ಹಿಂಬದಿ ತೆರೆದದ್ದು ಸಹಜವಾಗಿ ಕೇಳುತ್ತದೆ, ನಿಜ. ಆದರೆ ಹೆಂಚಿನ ಮೇಲೆ ಬೀಳುವ ಜುಲೈ ಮಳೆಯೂ ಅಷ್ಟೇ ಕೇಳುತ್ತದೆ. ನಿಮಗೆ ಮುಚ್ಚಿದ್ದೇ ಸರಿ. ಹೆಡ್‌ಫೋನಿನ ವಿದ್ಯುತ್ ತಡೆ ಕಡಿಮೆ, 32 ಓಮಿನದ್ದಾದರೆ ಸಣ್ಣ ಡಾಂಗಲ್ ಡ್ಯಾಕ್ ಸಾಕು. 300 ಓಮಿನದ್ದಕ್ಕೆ ಬೇರೆ ಆಂಪ್ಲಿಫೈಯರ್ ಬೇಕಾದೀತು.

ಮತ್ತೆ, ಆ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿದೆಯಾ? ಇಲ್ಲದಿದ್ದರೆ ಉಳಿದದ್ದೆಲ್ಲ ಆಮೇಲೆ, ಇವತ್ತೇ ಅದನ್ನು ಮಾಡಿ.

ಹೆಂಚಿನಮನೆ, ಶಿರಸಿ

ಮೊದಲು ಪ್ರತಿ ಮಾಡಿದೆ. ಒಂದು ಡಿಸ್ಕ್ ಈಗ ತಂಗಿಯ ಮನೆಯಲ್ಲಿದೆ. ವೈರನ್ನು ಅಟ್ಟದ ತೊಲೆಯ ಪಕ್ಕದಲ್ಲೇ ಎಳೆದೆ, ಗೋಡೆ ಕೊರೆಯಬೇಕಾಗಲಿಲ್ಲ. ನಾಲ್ಕು ರಾತ್ರಿಯಿಂದ ಒಮ್ಮೆಯೂ ಕಡಿದಿಲ್ಲ.

ಬ್ಲೂಟೂತಿನಲ್ಲಿ ಕೇಳದಿದ್ದದ್ದು ಈಗ ಕೇಳುತ್ತಿದೆ. ಭಾಗವತರ ಪದ ಮುಗಿದು ಅಪ್ಪ ಮಾತು ಎತ್ತುವ ಮೊದಲು ಟಕ್ ಅಂತ ಒಂದು ಸದ್ದು. ಏನಿರಬಹುದು ಅಂತ ಮೂರು ಸಲ ಹಿಂದೆ ಹೋಗಿ ಕೇಳಿದೆ. ಅವರ ಕವಳದ (ಎಲೆಯಡಿಕೆಯ) ಡಬ್ಬಿಯ ಮುಚ್ಚಳ ಅದು. ಡಬ್ಬಿ ಈಗಲೂ ಅಮ್ಮನ ಹತ್ತಿರ ಇದೆ. ನಿನ್ನೆ ಅಮ್ಮನಿಗೂ ಹೆಡ್‌ಫೋನ್ ಹಾಕಿ ಕೂರಿಸಿದೆ. ಎರಡು ತಾಸು ಎದ್ದೇಳಲಿಲ್ಲ.

ಇನ್ನೊಂದು ಕೇಳಬೇಕಿತ್ತು. ಒಂದೊಂದು ಪ್ರಸಂಗ ಮೂರು ಕ್ಯಾಸೆಟ್ಟಿನಲ್ಲಿದೆ. ಫೈಲಿನ ವಿವರದಲ್ಲಿ ಪ್ರಸಂಗದ ಹೆಸರನ್ನು ಆಲ್ಬಮ್ ಅಂತ ಬರೆದಿದ್ದೇನೆ. ಆರ್ಟಿಸ್ಟ್ ಜಾಗದಲ್ಲಿ ಭಾಗವತರನ್ನು ಹಾಕಲೋ, ಅರ್ಥಧಾರಿಗಳನ್ನೋ? ನೀವೆಲ್ಲ ಹೇಗೆ ಮಾಡುತ್ತೀರಿ?