ಪ್ರಶ್ನೋತ್ತರ: ‘ನಾನಿಲ್ದಿದ್ರೆ ನಿಮಗೆಲ್ಲ ಆರಾಮ’ ಅಂತಾಳೆ ಮಗಳು

ಪ್ರಶ್ನೆ (ಶಿರಸಿ ಕಡೆಯ ತಾಯಿ): ಡಾಕ್ಟ್ರೇ, ಮಗಳು ಸೆಕೆಂಡ್ ಪಿಯು ಸೈನ್ಸ್. ಟೆಸ್ಟಲ್ಲಿ ಮಾರ್ಕ್ಸ್ ಕಡಿಮೆ ಬಂದಾಗಿಂದ ಊಟ ಸೇರುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ. ಯಕ್ಷಗಾನದ ಕ್ಲಾಸೂ ಬಿಟ್ಟಳು. ಮೊನ್ನೆ ತನ್ನ ಇಷ್ಟದ ವಾಚನ್ನು ತಂಗಿಗೆ ಕೊಟ್ಟುಬಿಟ್ಟಳು. ‘ನಾನಿಲ್ದಿದ್ರೆ ನಿಮಗೆಲ್ಲ ಆರಾಮ’ ಅಂತಾಳೆ. ಇವಳ ಸೋದರಮಾವ ಆತ್ಮಹತ್ಯೆ ಮಾಡಿಕೊಂಡವರು. ಯಜಮಾನರು ‘ಸುಮ್ನೆ ಹೆದರಿಸ್ತಾಳೆ, ಪರೀಕ್ಷೆ ಮುಗಿದ್ರೆ ಸರಿಯಾಗ್ತಾಳೆ’ ಅಂತಾರೆ. ನಾನೇ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗೋದಿಲ್ವಾ?

ಉತ್ತರ (ಮನೋವೈದ್ಯೆ, ಕಾರವಾರ): ಆಗೋದಿಲ್ಲ ಅಕ್ಕಾ. ಇವತ್ತೇ ಕೇಳಿ, ನೇರವಾಗಿಯೇ: ‘ಸಾಯಬೇಕು ಅನ್ನಿಸ್ತಾ ಇದೆಯಾ ಪುಟ್ಟಿ?’ ಆಮೇಲೆ ಬುದ್ಧಿ ಹೇಳಲು ಹೋಗಬೇಡಿ, ಅವಳು ಹೇಳುವುದನ್ನು ಕೇಳಿಸಿಕೊಳ್ಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಮಕ್ಕಳಿಗೆ ಹೇಳಿಕೊಂಡ ಮೇಲೆ ಹಗುರ ಅನ್ನಿಸುತ್ತದೆ.

ಮಾರ್ಕ್ಸ್ ಒಂದೇ ಕಾರಣ ಅಂದುಕೊಳ್ಳಬೇಡಿ. ಎಷ್ಟೋ ಮಕ್ಕಳು ಫೇಲಾಗಿ ಮತ್ತೆ ಬರೆಯುತ್ತಾರೆ. ಅದರ ಹಿಂದೆ ಬೇರೆ ಏನಾದರೂ ಇದ್ದಾಗಲೇ ಅಪಾಯ ಜಾಸ್ತಿ: ಖಿನ್ನತೆ, ಮನೆತನದಲ್ಲಿ ಆಗಿಹೋದ ಆತ್ಮಹತ್ಯೆ, ಹೊಡೆತ ಅಥವಾ ಲೈಂಗಿಕ ದೌರ್ಜನ್ಯ, ಫೋನಲ್ಲಿ ಗೇಲಿ, ಕುಡಿತ. ಹಿಂದೊಮ್ಮೆ ಪ್ರಯತ್ನಿಸಿದ್ದರಂತೂ ಎಲ್ಲಕ್ಕಿಂತ ಹೆಚ್ಚು. ಈ ವಯಸ್ಸಲ್ಲಿ ಖಿನ್ನತೆ ಅಳುವಿನ ಬದಲು ಸಿಡುಕಾಗಿಯೂ ಕಾಣುತ್ತದೆ. ‘ಸೊಕ್ಕು’ ಅಂತ ನಾವು ಬೈದುಬಿಡುತ್ತೇವೆ, ಅಲ್ವಾ? ನಿಮ್ಮ ಮಾತಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ವಾಚು. ಇಷ್ಟದ ವಸ್ತು ಹಂಚುವುದು, ಇಂಥ ಮಾತಾಡುವುದು ಎರಡೂ ಸೇರಿದರೆ ಕಾಯುವ ಹೊತ್ತಲ್ಲ.

ಇನ್ನೊಂದು ಕೆಲಸ. ತೋಟದ ಔಷಧಿ, ಅಜ್ಜನ ಮಾತ್ರೆ ಎಲ್ಲ ಬೀಗದೊಳಗೆ ಹೋಗಲಿ, ಕೀಲಿ ನಿಮ್ಮ ಹತ್ತಿರ ಇರಲಿ. ಹದಿಹರೆಯದಲ್ಲಿ ಆ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆಗ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಪ್ರಶ್ನೆ (ಕುಮಟಾ ಕಡೆಯವರು): ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತೆ ಅಂತಾರಲ್ಲ ಮೇಡಂ?

ಉತ್ತರ: ಯೋಚನೆ ಬಂತು ಅಂತ ಡಾಕ್ಟರ ಹತ್ತಿರ ಹೇಳಿದರೆ ಯಾವ ಕೇಸೂ ಇಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಎಂದೇ ಕಾನೂನು ಮೊದಲು ಎಣಿಸುತ್ತದೆ, ಶಿಕ್ಷಿಸುವುದಿಲ್ಲ. ಇದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನಲ್ಲಿದೆ. ಊರವರ ಬಾಯಿಗೆ ಹೆದರುವವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ಮಾಡುವುದಾದರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಶಿರಸಿಯ ಅಕ್ಕಾ, ಇವತ್ತು ಅವಳನ್ನು ಒಬ್ಬಳೇ ಬಿಡಬೇಡಿ. ನೀವು ಕೇಳಿದ್ದಕ್ಕೆ ‘ಹೌದು’ ಅಂದರೆ ಬೆಳಗಾಗಲಿ ಅನ್ನಬೇಡಿ, ನೇರ ಶಿರಸಿಯ ಪಂಡಿತ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ‘ಇಲ್ಲ’ ಅಂದರೂ ಈ ವಾರವೇ ಮನೋವೈದ್ಯರಿಗೆ ತೋರಿಸಿ. ಯಜಮಾನರೂ ಜೊತೆಗೆ ಬರಲಿ.