ಹುರುಳಿಕಾಯಿ ಬೀಜ ನೆನೆಸ್ಬೇಡ

ಲೋಕೇಶ (ಫಾರ್ವರ್ಡ್): ಚಳಿಗೆ ಬೀಜ ಮೊಳೀತಿಲ್ವಾ? ಯಾವುದೇ ತರಕಾರಿ ಬೀಜ ಇರ್ಲಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಬಿತ್ತಿ. ಎಲ್ಲರಿಗೂ ಕಳಿಸಿ.

ಸುಧಾ: ಲೋಕಿ, ಇದನ್ನ ಯಾರಿಗೂ ಕಳಿಸ್ಬೇಡ ಕಣೋ. ಹುರುಳಿಕಾಯಿ ಬೀಜ ತಣ್ಣೀರಿಗೆ ಹಾಕಿದ್ರೆ ಗಬಗಬ ನೀರು ಕುಡಿದು ಬೇಳೆ ಬಿರಿಯುತ್ತೆ. ಒಳಗಿನ ಸಕ್ಕರೆ ಸೋರಿ ಬೂಸ್ಟಿಗೆ ಊಟ ಆಗುತ್ತೆ. ಮೊಳಕೆ ಬರೋದಿರ್ಲಿ, ಬೀಜಾನೇ ಕೊಳೆಯುತ್ತೆ. ಅದನ್ನ ಹದವಾದ ಮಣ್ಣಲ್ಲಿ ಒಣದಾಗೇ ಬಿತ್ತು.

ಲೋಕೇಶ: ಅಕ್ಕಾ, ಹಾಗಲಕ್ಕೆ ನೆನೆಸ್ಲೇಬೇಕಲ್ವಾ?

ಮಂಜು ಚಿಕ್ಕಪ್ಪ: ಹಾಗಲಕ್ಕೆ ಬೇಕಪ್ಪ, ಓಡು ಗಟ್ಟಿ. ಚೂಪು ತುದಿ ಪಕ್ಕ ನೇಲ್ ಕಟರಲ್ಲಿ ಸಣ್ಣ ಬಿರುಕು ಬಿಡಿಸು, ಒಳಗಿನ ಬಿಳಿ ತಿರುಳಿಗೆ ತಾಗ್ಬಾರ್ದು. ಉಗುರುಬೆಚ್ಚಗಿನ ನೀರು, 24 ಗಂಟೆ ಮೀರ್ಬಾರ್ದು, ಗಾಳಿ ಸಿಗದೆ ಸಾಯುತ್ತೆ. ಆಮೇಲೆ ಒದ್ದೆ ಬಟ್ಟೇಲಿ ಸುತ್ತಿ 28 ಡಿಗ್ರಿ ಆಸುಪಾಸು ಬೆಚ್ಚಗಿಡು. ಬಟ್ಟೆ ಹಿಂಡಿದ್ರೆ ನೀರು ತೊಟ್ಟಿಕ್ಕಬಾರ್ದು. ಬೇರು ಇಣುಕಿದ ಕೂಡ್ಲೆ ನೆಡು.

ಸುಧಾ: ಮೆಣಸಿನಕಾಯಿ, ಕ್ಯಾಪ್ಸಿಕಂಗೆ ಬರೀ ನೀರಿಗಿಂತ 13-0-45, ಅಂದ್ರೆ ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ ಕರಗಿಸಿದ ನೀರು ಒಳ್ಳೇದು. ಲೀಟರಿಗೆ 5 ಗ್ರಾಂ, 24 ಗಂಟೆ. ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸ್ಬೇಕು. 10 ಗ್ರಾಂ ಬೀಜ ನೆನೆಸಿದ್ರೆ ಒಣಗಿದ ಮೇಲೂ ತೂಕ ಹೆಚ್ಚುಕಮ್ಮಿ 10 ಗ್ರಾಮಿಗೇ ಬರ್ಬೇಕು.

ಮಂಜು ಚಿಕ್ಕಪ್ಪ: ನೆನೆಸಿ ಮತ್ತೆ ಒಣಗಿಸಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಲ್ವೇನಮ್ಮ?

ಸುಧಾ: ಇಲ್ಲ ಚಿಕ್ಕಪ್ಪ. ಮೊಳೆಯೋಕೆ ಬೀಜದೊಳಗೆ ಆದ ತಯಾರಿ ಒಣಗಿದ್ರೂ ಉಳಿಯುತ್ತೆ. ಬೇರು ಹೊರಗೆ ಬಂದ ಮೇಲೆ ಒಣಗಿಸಿದ್ರೆ ಮಾತ್ರ ಸಾಯುತ್ತೆ. ಒಣಗಿಸ್ದೇ ಇದ್ರೆ ಒದ್ದೆ ಬೀಜ ಬೆರಳಿಗೆ ಅಂಟಿ ಒಂದೇ ಗುಳಿಗೆ ಮೂರ್ಮೂರು ಬೀಳುತ್ತೆ.

ಮಂಜು ಚಿಕ್ಕಪ್ಪ: ಅವತ್ತೇ ಕೈಯಲ್ಲಿ ಹಾಕೋರಿಗೆ ಅಷ್ಟು ಒಣಗಿಸೋದು ಯಾಕೆ? ಮೇಲಿನ ಪಸೆ ಆರಿದ್ರೆ ಸಾಕು.

ಸುಧಾ: ಅವತ್ತೇ ಹಾಕೋದಾದ್ರೆ ಸರಿ, ಒಪ್ತೀನಿ. ಆದ್ರೆ ಒಣಗಿಸಿದ್ದನ್ನೂ ಮುಂದಿನ ವರ್ಷಕ್ಕೆ ಎತ್ತಿಡ್ಬೇಡಿ, ಅದರ ಆಯಸ್ಸು ಕಮ್ಮಿ.

ಲೋಕೇಶ: ನನ್ ಹತ್ರ ಇರೋ ಕ್ಯಾಪ್ಸಿಕಂ ಪ್ಯಾಕೆಟಲ್ಲಿ ಬೀಜ ಗುಲಾಬಿ ಬಣ್ಣದ್ದು.

ಸುಧಾ: ಹಾಗಾದ್ರೆ ನೆನೆಸ್ಲೇಬೇಡ! ಅದು ಔಷಧಿ ಲೇಪ, ನೀರಲ್ಲಿ ತೊಳೆದು ಹೋಗುತ್ತೆ. ಗ್ಲೌಸ್ ಹಾಕ್ಕೊಂಡು ಒಣ ಬೀಜಾನೇ ಸಸಿ ಬೆಳೆಸೋ ಟ್ರೇಗೆ ಹಾಕು. ನೀರು ಕೊಟ್ಟು ಟ್ರೇಗಳನ್ನ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸು, ಶಾಖ ಅಲ್ಲೇ ನಿಲ್ಲುತ್ತೆ.

ಮಂಜು ಚಿಕ್ಕಪ್ಪ: ಬಿಸಿಲಲ್ಲಿ ಇಡ್ಬೇಡ, ಬೆಂದು ಹೋಗುತ್ತೆ. ಐದನೇ ದಿನದಿಂದ ದಿನಾ ಬೆಳಿಗ್ಗೆ ಹಾಳೆ ಎತ್ತಿ ನೋಡು. ಅಲ್ಲೊಂದು ಇಲ್ಲೊಂದು ಮೊಳಕೆ ಕಂಡ ದಿನಾನೇ ಟ್ರೇಗಳನ್ನ ಬಿಡಿಸಿ ಹರಡು, ಇಲ್ಲಾಂದ್ರೆ ಸಸಿ ಬೆಳ್ಳಗೆ ಉದ್ದುದ್ದ ಎಳೆಯುತ್ತೆ.

ಲೋಕೇಶ: ಸರಿ ಚಿಕ್ಕಪ್ಪ. ಫಾರ್ವರ್ಡ್ ಡಿಲೀಟ್ ಮಾಡ್ದೆ. ಹುರುಳಿಕಾಯಿ ಬೀಜ ನೀರಿಗೆ ಹಾಕ್ಬೇಡಿ ಅಂತ ಊರ ಗುಂಪಲ್ಲೂ ಹಾಕ್ತೀನಿ.