ಪದಚರ್ಚೆ: ಟೆರಿಜಿಯಂ, ಪಿಂಗ್ವೆಕ್ಯುಲಾ – ಎರಡಕ್ಕೂ ‘ದುರ್ಮಾಂಸ’ ಎನ್ನಬಹುದೇ?

ಮಾನ್ಯರೇ,

ನೇತ್ರರೋಗಿಗಳಿಗೆಂದು ಕನ್ನಡದಲ್ಲಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಕಣ್ಣಿನ ಹೊರಮೈಯಲ್ಲಿ ಬೆಳೆಯುವ, ಆದರೆ ಕ್ಯಾನ್ಸರ್ ಅಲ್ಲದ ಟೆರಿಜಿಯಂ ಮತ್ತು ಪಿಂಗ್ವೆಕ್ಯುಲಾಗಳ ಬಗ್ಗೆ ಬರೆಯುವಾಗ ಪದಗಳ ತೊಡಕು ಎದುರಾಗಿದೆ. ಆಡುಮಾತಿನಲ್ಲಿ ಎರಡಕ್ಕೂ ‘ಕಣ್ಣಲ್ಲಿ ದುರ್ಮಾಂಸ ಬೆಳೆದಿದೆ’ ಎನ್ನುತ್ತಾರೆ; ‘ಪೊರೆ ಬಂದಿದೆ’ ಎನ್ನುವವರೂ ಇದ್ದಾರೆ. ಪೊರೆ ಎಂದರೆ ಕಣ್ಣಿನ ಒಳಗಿನ ಮಸೂರ ಮಬ್ಬಾಗುವುದು ಎಂಬ ಅರ್ಥ ಈಗಾಗಲೇ ನೆಲೆಗೊಂಡಿರುವುದರಿಂದ, ಹೊರಗಿನ ಬೆಳವಣಿಗೆಗೂ ಅದೇ ಪದವನ್ನು ಬಳಸಿದರೆ ಓದುಗರು ಮಸೂರ ಬದಲಿಸುವ ಶಸ್ತ್ರಚಿಕಿತ್ಸೆಯನ್ನೇ ನಿರೀಕ್ಷಿಸುತ್ತಾರೆ. ಆದ್ದರಿಂದ ಅದನ್ನು ಬಿಟ್ಟಿದ್ದೇನೆ. ಉಳಿದದ್ದು ದುರ್ಮಾಂಸ.

ಈ ಎರಡಕ್ಕೂ ಬೇರೆ ಬೇರೆ ಹೆಸರು ಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಬಿಳಿಗುಡ್ಡೆಯನ್ನು ಹೊದ್ದಿರುವ ತೆಳುಪದರದ ಮೇಲೆ, ಹೆಚ್ಚಾಗಿ ಮೂಗಿನ ಪಕ್ಕದಲ್ಲಿ, ಹಳದಿ ಛಾಯೆಯ ಸಣ್ಣ ಉಬ್ಬೊಂದು ಮೂಡಿ ಕರಿಗುಡ್ಡೆಯ ಅಂಚಿನ ಹೊರಗೇ ನಿಂತರೆ ಅದು ಪಿಂಗ್ವೆಕ್ಯುಲಾ. ರಕ್ತನಾಳಗಳಿರುವ, ತ್ರಿಕೋನಾಕಾರದ ಮಾಂಸಲವಾದ ಪದರವೊಂದು ಅದೇ ಅಂಚನ್ನು ದಾಟಿ ಕಾರ್ನಿಯಾದ ಮೇಲೆ ಹತ್ತಿದರೆ ಅದು ಟೆರಿಜಿಯಂ. (ಕಾರ್ನಿಯಾ ಗಾಜಿನಂತೆ ಪಾರದರ್ಶಕವಾದದ್ದು, ಕಪ್ಪಾಗಿ ಕಾಣುವುದು ಅದರ ಹಿಂದಿನ ಭಾಗ, ಆದರೂ ‘ಕರಿಗುಡ್ಡೆಯ ಮೇಲೆ ಹತ್ತಿದೆ’ ಎಂದರೆ ಯಾರಿಗೂ ಅರ್ಥವಾಗುತ್ತದೆ, ಹಾಗಾಗಿ ಆ ಮಾತನ್ನು ಉಳಿಸಿಕೊಂಡಿದ್ದೇನೆ.) ಬಿಸಿಲಿನ ಅತಿನೇರಳೆ ಕಿರಣಗಳಿಗೆ ವರ್ಷಗಟ್ಟಲೆ ಮೈಯೊಡ್ಡಿದ ಕಣ್ಣುಗಳಲ್ಲಿ ಎರಡೂ ಹೆಚ್ಚು, ಧೂಳು ಮತ್ತು ಒಣಗಾಳಿ ಅವನ್ನು ಕೆರಳಿಸುತ್ತವೆ. ಕಿವಿಯ ಕಡೆಯಿಂದ ಬೀಳುವ ಬೆಳಕನ್ನು ಕಾರ್ನಿಯಾವೇ ಬಾಗಿಸಿ ಮೂಗಿನ ಕಡೆಯ ಅಂಚಿನಲ್ಲಿ ಒಟ್ಟುಗೂಡಿಸುತ್ತದೆ ಎಂಬುದು, ಅವು ಆ ಪಕ್ಕದಲ್ಲೇ ಹೆಚ್ಚಾಗಿ ಕಾಣಿಸುವುದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು.

ಅಂಚನ್ನು ದಾಟಿದೆಯೋ ಇಲ್ಲವೋ ಎಂಬುದರ ಮೇಲೆಯೇ ಚಿಕಿತ್ಸೆಯೂ ನಿಂತಿದೆ. ಪಿಂಗ್ವೆಕ್ಯುಲಾಗೆ ಸಾಮಾನ್ಯವಾಗಿ ಕಣ್ಣನ್ನು ತೇವವಾಗಿಡುವ ಹನಿಗಳು ಮತ್ತು ಬಿಸಿಲಿನಿಂದ ಕಾಯುವ ಕನ್ನಡಕ ಸಾಕಾಗುತ್ತವೆ. ಊದಿ ಕೆಂಪಾದರೆ ಉರಿಯೂತ ತಗ್ಗಿಸುವ ಹನಿಗಳನ್ನು ವೈದ್ಯರು ಕೆಲವು ದಿನಗಳ ಮಟ್ಟಿಗೆ ಕೊಡುತ್ತಾರೆ. ಟೆರಿಜಿಯಂ ಸಣ್ಣದಿರುವಾಗ ಅದಕ್ಕೂ ಇಷ್ಟೇ. ಆದರೆ ಅದು ಕಾರ್ನಿಯಾದ ಬಾಗನ್ನು ಒಂದು ದಿಕ್ಕಿನಲ್ಲಿ ಬದಲಿಸಿ ನೋಟವನ್ನು ಮಸುಕುಗೊಳಿಸಿದರೆ, ಕಣ್ಣಪಾಪೆಯ ಕಡೆಗೆ ಬೆಳೆಯುತ್ತ ಹೋದರೆ, ಅಥವಾ ಕಣ್ಣಿನ ಚಲನೆಗೆ ತಡೆಯಾದರೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಇಲ್ಲಿ ‘ಹಾನಿರಹಿತ ಬೆಳವಣಿಗೆ’ ಎಂಬ ಪದಕಟ್ಟೂ ದಾರಿ ತಪ್ಪಿಸುತ್ತದೆ. ಕ್ಯಾನ್ಸರ್ ಅಲ್ಲದ್ದೆಲ್ಲ ಹಾನಿಯಿಲ್ಲದ್ದಲ್ಲ. ದೃಷ್ಟಿಗೆ ಅಡ್ಡ ಬರುವುದನ್ನು ಹಾನಿರಹಿತವೆಂದು ಹೇಗೆ ಬರೆಯಲಿ? ನಾನಂತೂ ‘ಕ್ಯಾನ್ಸರ್ ಅಲ್ಲದ’ ಎಂದೇ ಬಿಡಿಸಿ ಬರೆಯುತ್ತೇನೆ. ಅದನ್ನೂ ಎಚ್ಚರದಿಂದಲೇ ಬರೆಯಬೇಕು, ಏಕೆಂದರೆ ಕಣ್ಣಿನ ಮೇಲ್ಪದರದ ಕ್ಯಾನ್ಸರ್ ಕೆಲವೊಮ್ಮೆ ಟೆರಿಜಿಯಂನಂತೆಯೇ ಕಾಣಿಸಿಕೊಳ್ಳುತ್ತದೆ. ಅನುಮಾನವಿದ್ದಲ್ಲಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸುತ್ತಾರೆ.

ಮೂಲಪದಗಳು ನೆರವಾಗುತ್ತವೆಯೇ ಎಂದು ನೋಡಿದೆ. ಟೆರಿಜಿಯಂ ಗ್ರೀಕಿನ ‘ಪುಟ್ಟ ರೆಕ್ಕೆ’. ಆಕಾರಕ್ಕೆ ಹೊಂದುವ ಹೆಸರು. ಪಿಂಗ್ವೆಕ್ಯುಲಾದ ಬೇರು ಲ್ಯಾಟಿನ್ನಿನ ಕೊಬ್ಬು ಎಂಬ ಅರ್ಥದ ಪದ. ಹಳದಿ ಬಣ್ಣ ನೋಡಿ ಇಟ್ಟ ಈ ಹೆಸರು ತಪ್ಪು, ಏಕೆಂದರೆ ಅಲ್ಲಿರುವುದು ಕೊಬ್ಬಲ್ಲ, ಸವೆದು ಕೆಟ್ಟ ನಾರುಗಳು. ‘ಕೊಬ್ಬಿನ ಗಂಟು’ ಎಂದು ಕನ್ನಡಿಸಿದರೆ ರೋಗಿಗಳು ಎಣ್ಣೆ ತುಪ್ಪ ತಿನ್ನುವುದನ್ನು ಬಿಡಲು ಹೊರಡುತ್ತಾರೆ. ನಿಜವಾಗಿ ಕೊಬ್ಬಿನಂಶ ಶೇಖರವಾಗುವುದು ರೆಪ್ಪೆಯ ಚರ್ಮದ ಮೇಲೆ ಕಾಣುವ ಹಳದಿ ಮಚ್ಚೆಗಳಲ್ಲಿ. ಅದು ಬೇರೆಯೇ ವಿಷಯ.

ಟೆರಿಜಿಯಂನಂಥ ಬೆಳವಣಿಗೆಗೆ ಸಂಸ್ಕೃತದಲ್ಲಿ ‘ಅರ್ಮ’ ಎಂಬ ಪದವಿದೆ. ಸುಶ್ರುತಸಂಹಿತೆಯ ಉತ್ತರತಂತ್ರವು ಬಿಳಿಗುಡ್ಡೆಯ 11 ರೋಗಗಳನ್ನು ಹೇಳುವಾಗ ಅವುಗಳಲ್ಲಿ 5 ಬಗೆಯ ಅರ್ಮಗಳನ್ನು ಎಣಿಸುತ್ತದೆ. ತೆಳುವಾದದ್ದಕ್ಕೆ ಔಷಧ ಸಾಕು, ಚರ್ಮದಂತೆ ದಪ್ಪನಾದದ್ದನ್ನೂ ಕೃಷ್ಣಮಂಡಲಕ್ಕೆ, ಅಂದರೆ ಕರಿಗುಡ್ಡೆಗೆ, ಹೋದದ್ದನ್ನೂ ಕತ್ತರಿಸಿ ತೆಗೆಯಬೇಕು ಎಂಬ ವಿವೇಚನೆ ಅಲ್ಲಿಯೂ ಇರುವುದು ನನಗೆ ಬಹಳ ಹಿಡಿಸಿತು. ಅದೇ ಪಟ್ಟಿಯಲ್ಲಿ ಹಿಟ್ಟಿನಂತೆ ಬೆಳ್ಳಗಿರುವ ಉಬ್ಬಿದ ಬಿಂದುವಿಗೆ ‘ಪಿಷ್ಟಕ’ ಎಂಬ ಹೆಸರಿದ್ದು, ಅದನ್ನು ಪಿಂಗ್ವೆಕ್ಯುಲಾಗೆ ಹೋಲಿಸುವುದುಂಟು. ಶಾಸ್ತ್ರಗ್ರಂಥಕ್ಕೆ ಇವೆರಡೂ ತಕ್ಕ ಪದಗಳೇ. ರೋಗಿಯ ಕೈಗೆ ಕೊಡುವ ಹೊತ್ತಗೆಯಲ್ಲಿ ಮಾತ್ರ ‘ಅರ್ಮ’ ಎಂದು ಅಚ್ಚಾದರೆ ‘ಮರ್ಮ’ದ ಮಕಾರ ಬಿಟ್ಟುಹೋಗಿದೆ ಎಂದುಕೊಳ್ಳುವವರೇ ಹೆಚ್ಚು.

ಶಸ್ತ್ರಚಿಕಿತ್ಸೆಯ ಪದಗಳಲ್ಲೂ ಒಂದು ಸಂದೇಹವಿದೆ. ಟೆರಿಜಿಯಂ ಅನ್ನು ಬರಿದೆ ಕತ್ತರಿಸಿ ಜಾಗವನ್ನು ತೆರೆದೇ ಬಿಟ್ಟರೆ ಮರುಕಳಿಸುವ ಸಂಭವ ಬಹಳ. ಅದಕ್ಕಾಗಿ ಅದೇ ರೋಗಿಯ ಮೇಲುರೆಪ್ಪೆಯ ಅಡಿಯ ಬಿಳಿಭಾಗದಿಂದ ತೆಳುಪದರದ ಒಂದು ತುಣುಕನ್ನು ತೆಗೆದು ಅಲ್ಲಿ ಕೂರಿಸಿ, ಹೊಲಿಗೆಯಿಂದಲೋ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಅಂಟಿನಿಂದಲೋ ಭದ್ರಪಡಿಸುತ್ತಾರೆ. ಇದಕ್ಕೆ ‘ಕಸಿ’ ಎಂದರೆ ಓದುಗರಿಗೆ ನೇತ್ರದಾನದ ನೆನಪಾಗುತ್ತದೆ. ‘ತೇಪೆ’ ಎಂದು ಬರೆದಿದ್ದೇನೆ. ಹರಿದ ಬಟ್ಟೆಯ ಮಾತು ಕಣ್ಣಿಗೆ ಒಗ್ಗುವುದಿಲ್ಲವೆಂದು ಗೆಳೆಯರೊಬ್ಬರು ಆಕ್ಷೇಪಿಸಿದರು, ನನಗೆ ಹಾಗೆನಿಸಿಲ್ಲ.

ಸದ್ಯಕ್ಕೆ ನನ್ನ ಆಯ್ಕೆ ಇಷ್ಟು: ಅಂಚು ದಾಟಿದ್ದಕ್ಕೆ ಮಾತ್ರ ‘ದುರ್ಮಾಂಸ’, ಮೊದಲ ಬಳಕೆಯಲ್ಲಿ ಅದರ ಪಕ್ಕದಲ್ಲೇ ‘ಟೆರಿಜಿಯಂ’, ಅಂಚಿನ ಹೊರಗೇ ನಿಂತದ್ದಕ್ಕೆ ‘ಬಿಳಿಗುಡ್ಡೆಯ ಹಳದಿ ಉಬ್ಬು’. ಮೂಗಿನೊಳಗಿನ ಬೆಳವಣಿಗೆಗೂ ದುರ್ಮಾಂಸವೆನ್ನುವ ರೂಢಿಯಿರುವುದರಿಂದ ಆ ಪದಕ್ಕೆ ಕ್ಯಾನ್ಸರಿನ ನೆರಳು ಅಂಟಿಲ್ಲವೆಂದು ನನ್ನ ಅಂದಾಜು, ಆದರೂ ‘ದುರ್’ ಎಂಬ ಉಪಸರ್ಗ ಹೆದರಿಸುತ್ತದೆಯೇ ಎಂಬ ಅಳುಕಿದೆ. ನಿಮ್ಮ ಕಿವಿಗೆ ಅದು ಹೇಗೆ ಕೇಳುತ್ತದೆ? ಕರಿಗುಡ್ಡೆಯ ಮೇಲೆ ಹತ್ತುವ ಬೆಳವಣಿಗೆಗೆಂದೇ ನಿಮ್ಮ ಹಿರಿಯರು ಬಳಸುತ್ತಿದ್ದ ಬೇರೆ ಪದವಿದ್ದರೆ, ಅದನ್ನು ಒಂದು ಪೂರ್ಣ ವಾಕ್ಯದಲ್ಲಿಟ್ಟು ತಿಳಿಸಬೇಕೆಂದು ಕೋರುತ್ತೇನೆ.